ಅನಿರುದ್ಧನ ಗೋಡೆಗೆ ಯಾವ ಅಂಟು

ದೆಹಲಿಯ ಮುನಿರ್ಕಾದಲ್ಲಿ ಕೋಣೆ ಬಾಡಿಗೆಗೆ ಹಿಡಿದಿರುವ ಸ್ಫೂರ್ತಿ ಎಂಬ ಹುಡುಗಿ ಈ ವರ್ಷ ನಾನು ದುಡಿದ ವರ್ಕ್‌ಶಾಪಿಗೇ ಕೆಲಸಕ್ಕೆ ಸೇರಿದಳು. ಅವಳ ಅಮ್ಮ ನನಗೆ ಬಹಳ ವರ್ಷಗಳ ಗೆಳತಿ. ಮೊದಲ ವಾರ ಮುಗಿದ ಭಾನುವಾರ ಜನಕಪುರಿಯ ನಮ್ಮ ಮನೆಗೆ ಬಂದವಳು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದಳು:

“ಆಂಟಿ, ಸ್ಟೋರಿನಲ್ಲಿ ಹದಿನಾಲ್ಕು ತರಹದ ಅಂಟು ಇದೆ. ಯಾವುದಕ್ಕೆ ಯಾವುದು ಅಂತ ಯಾರನ್ನ ಕೇಳಿದ್ರೂ ಡಬ್ಬದ ಮೇಲೆ ಬರೆದಿದೆ, ಪಢ್ ಲೋ, ಓದ್ಕೋ ಅಂತಾರೆ. ನೀವು ಹೇಗೆ ಕಲಿತ್ರಿ?”

“ಕೆಡಿಸಿ ಕಲಿತೆ” ಎಂದೆ.

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಅವಳು ಹೋದ ಮೇಲೆ, ಕೆಡಿಸಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಹೊಸಬರಿಗೆ ಉಪಯೋಗವಾದೀತು ಅನ್ನಿಸಿತು. ಬರೆಯಲು ಕುಳಿತಾಗ ಮಾತ್ರ ಬೇರೆ ಎಲ್ಲಕ್ಕಿಂತ ಒಂದು ಟ್ರೇಲರಿನ ಎಡಗೋಡೆಯೇ ಮತ್ತೆ ಮತ್ತೆ ನೆನಪಿಗೆ ಬಂತು. ಹಾಗಾಗಿ ಇದರಲ್ಲಿ ಅದರ ವಿಷಯವೇ ಹೆಚ್ಚು.

ನಮ್ಮ ತಂದೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದವರು. ನಾನು ಇಲ್ಲೇ ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದೆ. ಬ್ಯಾಂಕಿನ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ. ಆಮೇಲೆ ದೆಹಲಿ ಪಕ್ಕದ ಸಾಹಿಬಾಬಾದಿನ ವರ್ಕ್‌ಶಾಪೊಂದರಲ್ಲಿ ಗುಣಮಟ್ಟ ನೋಡುವ ಕೆಲಸ ಸಿಕ್ಕಿತು. ಅಲ್ಲಿ ಐಸ್‌ಕ್ರೀಮ್ ಸಾಗಿಸುವ ವ್ಯಾನುಗಳು, ಸಂಚಾರಿ ದವಾಖಾನೆಗಳು, ಕೊನೆಕೊನೆಗೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪಿಂಗ್ ಟ್ರೇಲರುಗಳು, ಇವುಗಳ ಗೋಡೆ, ಚಾವಣಿ ತಯಾರಾಗುತ್ತಿದ್ದವು. ಹಳೆಯವು ರಿಪೇರಿಗೂ ಬರುತ್ತಿದ್ದವು. ಮೂವತ್ತನಾಲ್ಕು ವರ್ಷ ಅಲ್ಲೇ ಇದ್ದೆ. ಬಹಳ ಕಾಲ ಆ ಶೆಡ್ಡಿನಲ್ಲಿ ನಾನೊಬ್ಬಳೇ ಹೆಂಗಸು.

ಈ ಗೋಡೆಗಳನ್ನು ನೋಡದವರಿಗೆ ಹೇಳುವುದಾದರೆ, ಅವು ಕ್ರೀಮ್ ಬಿಸ್ಕತ್ತಿನ ಹಾಗೆ. ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಒಂದು ಇಂಚು ಥರ್ಮೋಕೋಲ್, ಅಂಚಿಗೆ ಮರದ ಪಟ್ಟಿ. ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ಶಕ್ತಿ ಇಲ್ಲ, ಮಗುವೂ ಬಗ್ಗಿಸಬಹುದು. ಅಂಟಿಸಿದರೆ ಮೇಲೆ ಇಬ್ಬರು ನಿಂತು ಕುಣಿಯಬಹುದು. ಅಂದರೆ ಆ ಗೋಡೆಯ ಬಲವೆಲ್ಲ ಇರುವುದು ಕಣ್ಣಿಗೆ ಕಾಣದ ಆ ಅಂಟಿನ ಪದರದಲ್ಲಿ. ಕಿಟಕಿಯ ರಬ್ಬರು ಸೀಳಿ ಒಂದು ಮಳೆಗಾಲ ನೀರು ಒಳಗಿಳಿಯಿತೆಂದರೆ ಪ್ಲೈವುಡ್ ಕಪ್ಪಾಗುತ್ತದೆ, ಮರದ ಪಟ್ಟಿ ಮೆತ್ತಗಾಗುತ್ತದೆ, ಅಂಟು ಬಿಡುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಸ್ವಲ್ಪ ಉಬ್ಬಿದ ಹಾಗೆ, ಅಷ್ಟೇ.

ನನ್ನ ಮೊದಲ ದೊಡ್ಡ ತಪ್ಪು ಒಂದು ಐಸ್‌ಕ್ರೀಮ್ ವ್ಯಾನಿನ ಚಾವಣಿ. ಸೇರಿ ಎಂಟು ತಿಂಗಳಾಗಿತ್ತು. ಚಪ್ಪಲಿ ಹೊಲಿಯುವವರಿಂದ ಹಿಡಿದು ಸೋಫಾ ಮಾಡುವವರವರೆಗೆ ಎಲ್ಲರೂ ಬಳಸುವ ಹಳದಿ ಅಂಟು ಇದೆಯಲ್ಲ, ಕಾರಿಗರರು, ಅಂದರೆ ಕೈಕೆಲಸದವರು, ‘ಸಲ್ಯೂಷನ್’ ಅನ್ನುವಂಥದ್ದು, ಅದನ್ನು ಬರೆದುಕೊಟ್ಟೆ. ಹಚ್ಚಿದ ಕೂಡಲೇ ಹಿಡಿಯುತ್ತದೆ, ತಗಡಿಗೂ ಹಿಡಿಯುತ್ತದೆ, ಮರಕ್ಕೂ ಹಿಡಿಯುತ್ತದೆ. ಪ್ಯಾನಲ್ ಕೆಲಸದ ಹಿರಿಯ ಕಾರಿಗರ ಶಮ್ಶಾದ್ ಉಸ್ತಾದರು ಡಬ್ಬ ತೆರೆಯುವ ಮೊದಲು ಕೇಳಿದರು: “ಒಂದು ತುಂಡಿನ ಮೇಲೆ ಹಚ್ಚಿ ನೋಡಿದ್ಯಾ ಬೇಟಿ?”

“ಅದರ ಅಗತ್ಯ ಇಲ್ಲ ಉಸ್ತಾದ್‌ಜೀ, ಓದಿದ್ದೀನಿ” ಎಂದೆ.

ಅವರು ಹಚ್ಚಿದರು. ಬಿಸಿನೀರು ಬಿದ್ದ ಸಕ್ಕರೆಯ ಹಾಗೆ ಥರ್ಮೋಕೋಲ್ ನಮ್ಮ ಕಣ್ಣೆದುರೇ ಕುಸಿಯತೊಡಗಿತು. ಆ ಅಂಟಿನಲ್ಲಿರುವ ದ್ರಾವಕ ಥರ್ಮೋಕೋಲನ್ನು ತಿಂದುಹಾಕುತ್ತದೆ. ಪುಸ್ತಕದಲ್ಲಿ ನಾನು ಓದಿದ್ದೆ ಕೂಡ, ಆದರೆ ಪುಸ್ತಕದಲ್ಲಿ ಅದರ ಹೆಸರು ಪಾಲಿಸ್ಟೈರೀನ್ ಎಂದಿತ್ತು. ಅದೂ ಥರ್ಮೋಕೋಲೂ ಒಂದೇ ಎಂಬುದು ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ.

ವರ್ಕ್‌ಶಾಪಿನ ಮಾಲೀಕರು ಮಲ್ಹೋತ್ರಾ ಸಾಹೇಬರು. ನನಗಿಂತ ಐದಾರು ವರ್ಷಕ್ಕಷ್ಟೇ ದೊಡ್ಡವರು, ಆಗಷ್ಟೇ ತಂದೆಯಿಂದ ವ್ಯವಹಾರ ವಹಿಸಿಕೊಂಡಿದ್ದರು. ಓಡಿಬಂದು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು “ಹಚ್ಚಿದ್ದು ನಾನು, ಸಾಹೇಬ್” ಎಂದುಬಿಟ್ಟರು. ಸಾಹೇಬರು ನಮ್ಮಿಬ್ಬರ ಮುಖವನ್ನೂ ನೋಡಿ, ಕರಗಿದ ಥರ್ಮೋಕೋಲಿನ ಒಂದು ಹಿಡಿಯಷ್ಟು ತುಂಡನ್ನು ಕಿತ್ತು ನನ್ನ ಮೇಜಿನ ಮೇಲಿಟ್ಟರು. “ಒಂದು ತಿಂಗಳು ಇದು ಇಲ್ಲೇ ಇರಲಿ” ಎಂದರು. ಬೈಗುಳ ಅಷ್ಟೇ. ಅದನ್ನು ನೋಡುತ್ತ ಊಟ ಮಾಡಿದ ದಿನಗಳು ನನಗೆ ಬೈಗುಳ ಕಲಿಸಬಹುದಾಗಿದ್ದಕ್ಕಿಂತ ಹೆಚ್ಚು ಕಲಿಸಿದವು.

ಆಮೇಲಿನ ತಪ್ಪುಗಳು ಸಣ್ಣವು. ಬಡಗಿಗಳ ಬಿಳಿ ಅಂಟು ಥರ್ಮೋಕೋಲನ್ನು ತಿನ್ನುವುದಿಲ್ಲವಲ್ಲ ಎಂದು ತಗಡಿನ ಕೆಳಗೆ ಹಚ್ಚಿಸಿದೆ. ಅದು ಒಣಗಬೇಕಾದರೆ ಅದರೊಳಗಿನ ನೀರು ಹೊರಗೆ ಹೋಗಬೇಕು. ಒಂದು ಕಡೆ ತಗಡು, ಇನ್ನೊಂದು ಕಡೆ ಥರ್ಮೋಕೋಲ್, ನೀರು ಹೋಗುವುದೆಲ್ಲಿಗೆ? ತಿಂಗಳಾದ ಮೇಲೆ ಬಿಚ್ಚಿದರೆ ಹಾಲಿನಂತೆ ಹಾಗೇ ಇತ್ತು. ಸಿಲಿಕೋನಂತೂ ಗಿರಾಕಿಗಳೇ ಸೋರುವಲ್ಲೆಲ್ಲ ಮೆತ್ತಿಕೊಂಡು ಬರುತ್ತಿದ್ದರು. ಅದು ಮೆತ್ತಿದ ಜಾಗಕ್ಕೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಕೆರೆದು ತೆಗೆಯುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು.

ವಿಧಾನಗಳೂ ಬದಲಾದವು. ಮೊದಮೊದಲು ಉಸ್ತಾದರು ನಾಣ್ಯದಿಂದ ಗೋಡೆ ತಟ್ಟಿ, ಸದ್ದು ಎಲ್ಲಿ ಟೊಳ್ಳಾಯಿತೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಆಮೇಲೆ ತೇವ ಅಳೆಯುವ ಯಂತ್ರ ಬಂತು, ಎರಡು ಮೊಳೆ ಚುಚ್ಚಿದರೆ ಅಂಕಿ ತೋರಿಸುವಂಥದ್ದು. ಭಾರ ಹೇರಿ ಒತ್ತುತ್ತಿದ್ದ ಕಡೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಪಂಪಿನಿಂದ ಗಾಳಿ ಎಳೆದು ಒತ್ತುವುದು ಬಂತು. ಆಗ ಇಡೀ ಗೋಡೆಗೆ ಒಂದೇ ಸಮ ಒತ್ತಡ ಬೀಳುತ್ತದೆ. ಯಂತ್ರ ಬಂದ ಮೇಲೆ ನನಗೆ ಧೈರ್ಯ ಹೆಚ್ಚಾಯಿತು. ಮುಂದಿನ ತಪ್ಪಿಗೆ ಆ ಧೈರ್ಯವೂ ಒಂದು ಕಾರಣ.

ನಿವೃತ್ತಿಗೆ ಎಂಟು ತಿಂಗಳು ಇದ್ದಾಗ, ಮೇ ತಿಂಗಳ ಕೊನೆಯಲ್ಲಿ, ಇಂದಿರಾಪುರಂನಿಂದ ಒಂದು ಟ್ರೇಲರ್ ಬಂತು. ಮಾಲೀಕರು ಶ್ರೀಪತಿ ರಾಯರು, ಕೇಂದ್ರ ಸರ್ಕಾರದಿಂದ ನಿವೃತ್ತರಾದ ಅಧಿಕಾರಿ. ಜೊತೆಗೆ ಹೆಂಡತಿ ಲಲಿತಾ. ನಾನು ಕನ್ನಡದವಳೆಂದು ಗೊತ್ತಾದ ಮೇಲೆ ಲಲಿತಾ ಅವರು ಒಂದು ಕುರ್ಚಿ ಎಳೆದುಕೊಂಡು ನನ್ನ ಎದುರೇ ಕುಳಿತರು.

“ನಮ್ಮ ಮಗ ಅನಿರುದ್ಧನಿಗೆ ಇಪ್ಪತ್ತಾರು ವರ್ಷ. ಆಟಿಸಂ ಇದೆ” ಎಂದರು. “ಮನೆ ಬಿಟ್ಟು ಬೇರೆ ಎಲ್ಲೂ ಮಲಗೋದಿಲ್ಲ ಮೇಡಂ. ಹೋಟೆಲಾಗಲಿ, ನೆಂಟರ ಮನೆಯಾಗಲಿ, ರಾತ್ರಿಯೆಲ್ಲ ಬಾಗಿಲ ಹತ್ರ ನಿಂತೇ ಇರ್ತಾನೆ. ಏಳು ವರ್ಷದ ಹಿಂದೆ ಇವರು ಈ ಗಾಡಿ ಸೆಕೆಂಡ್ ಹ್ಯಾಂಡ್ ತಂದ್ರು. ಎರಡನೇ ದಿನವೇ ಅದರಲ್ಲಿ ನಿದ್ದೆ ಮಾಡಿದ. ಹಾಸಿಗೆ ಪಕ್ಕದ ಗೋಡೆಗೆ ಅಂಗೈ ಒತ್ತಿಕೊಂಡು, ಬೆರಳಲ್ಲಿ ಮೆಲ್ಲಗೆ ತಟ್ಟಿಕೊಂಡು ಮಲಗ್ತಾನೆ. ಆಮೇಲೇ ನಾವು ಊರು ನೋಡಿದ್ದು.”

ಆ ಗೋಡೆಯೇ ಈಗ ಉಬ್ಬಿತ್ತು. ಕಿಟಕಿಯ ಕೆಳಮೂಲೆಯಿಂದ ಎರಡು ಮಳೆಗಾಲ ನೀರು ಇಳಿದಿತ್ತು. ಗೋಡೆ ಕೈಗೆ ಬೇರೆ ತರಹ ತಾಕತೊಡಗಿದ ಮೇಲೆ ಅನಿರುದ್ಧ ಹಾಸಿಗೆ ಕೆಳಗೆಳೆದು ನೆಲದ ಮೇಲೆ ಕೂರತೊಡಗಿದ್ದ.

ಅಷ್ಟೇ ಆಗಿದ್ದರೆ ನಿಧಾನವಾಗಿ ಮಾಡಬಹುದಿತ್ತು. ಆದರೆ ಡೆಹ್ರಾಡೂನಿನ ಹತ್ತಿರ ಅನಿರುದ್ಧನಂಥ ದೊಡ್ಡವರು ಒಟ್ಟಿಗೆ ಇರುವ ಒಂದು ಸಣ್ಣ ಸಂಸ್ಥೆ ಅವನನ್ನು ಒಂದು ತಿಂಗಳ ಮಟ್ಟಿಗೆ ನೋಡಲು ಒಪ್ಪಿತ್ತು. ಹೊಸ ಕೋಣೆಗೆ ಅವನು ಹೊಂದಿಕೊಳ್ಳುವವರೆಗೆ ಟ್ರೇಲರನ್ನು ಅಂಗಳದಲ್ಲೇ ನಿಲ್ಲಿಸಿಕೊಳ್ಳಿ ಎಂದಿದ್ದರು. ಹೋಗಲು ಹನ್ನೆರಡು ದಿನ ಉಳಿದಿತ್ತು.

ಶ್ರೀಪತಿ ರಾಯರು ಹೇಳಿದ್ದು ಒಂದೇ ಮಾತು: “ನನಗೆ ಅರವತ್ತೆಂಟು. ಇವಳಿಗೆ ಅರವತ್ತೈದು. ನಾವಿರೋವಾಗಲೇ ಅವನಿಗೊಂದು ಜಾಗ ಅಂತ ಆಗಬೇಕು.”

ಮಲ್ಹೋತ್ರಾ ಸಾಹೇಬರು ಅಲ್ಲೇ ನಿಂತಿದ್ದರು. ಕನ್ನಡ ಬಾರದಿದ್ದರೂ ವಿಷಯ ಅರ್ಥವಾಗಿತ್ತು. “ಹತ್ತು ದಿನದಲ್ಲಿ ಕೊಡ್ತೀವಿ” ಎಂದು ಮಾತು ಕೊಟ್ಟೇಬಿಟ್ಟರು. ಅವರಿಗೆ ಗಿರಾಕಿಯ ಆಸೆ ಇರಲಿಲ್ಲ, ಆ ತಂದೆತಾಯಿಯನ್ನು ನೋಡಿ ಕನಿಕರವಾಗಿತ್ತು. ನನಗೂ ಹಾಗೇ. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಒಳಗಿನ ಪ್ಲೈವುಡ್ ಕತ್ತರಿಸಿ ತೆಗೆದೆವು. ನೆನೆದ ಥರ್ಮೋಕೋಲ್ ಕಿತ್ತೆವು. ಫ್ಯಾನ್ ಹಚ್ಚಿ ಮೂರು ದಿನ ಒಣಗಿಸಿದೆವು. ಯಂತ್ರ ಚುಚ್ಚಿದಾಗ ಗೋಡೆಯ ನಡುವೆ ಅಂಕಿ ಇಳಿದಿತ್ತು. ಉಸ್ತಾದರು ಕೆಳಗಿನ ಮರದ ಪಟ್ಟಿಯ ಮೇಲೆ ಕೈಯಿಟ್ಟು, “ಇದು ಇನ್ನೂ ತಣ್ಣಗಿದೆ ಬೇಟಿ. ಒಳಗೆ ನೀರಿದೆ” ಎಂದರು.

ಪಟ್ಟಿ ಬದಲಾಯಿಸಬೇಕಾದರೆ ಹೊರಗಿನ ತಗಡಿನ ಅಂಚನ್ನು ಬಿಚ್ಚಬೇಕು, ಇನ್ನು ಐದು ದಿನವಾದರೂ ಬೇಕು. ನಾನು ಒಂದು ದಾರಿ ಹುಡುಕಿದೆ. ಪಾಲಿಯುರೆಥೇನ್ ಅಂಟು, ನಾವು ಪಿಯು ಅನ್ನುವುದು, ಗಾಳಿಯಲ್ಲಿನ ತೇವ ಹೀರಿಕೊಂಡೇ ಗಟ್ಟಿಯಾಗುತ್ತದೆ. ಥರ್ಮೋಕೋಲಿಗೆ ಏನೂ ಮಾಡುವುದಿಲ್ಲ. ಒಂದೇ ದಿನದಲ್ಲಿ ಹಿಡಿಯುತ್ತದೆ. ಸ್ವಲ್ಪ ತೇವ ಇದ್ದರೆ ಇದಕ್ಕೆ ಅನುಕೂಲವೇ ಎಂದು ಉಸ್ತಾದರಿಗೆ ಹೇಳಿದೆ. ನನ್ನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಸ್ವಲ್ಪ ತೇವಕ್ಕೆ ಅದು ಗಟ್ಟಿಯಾಗುತ್ತದೆ, ಹೆಚ್ಚು ತೇವ ಸಿಕ್ಕರೆ ನೊರೆಯೇಳುತ್ತದೆ. ನೊರೆಯೆದ್ದ ಅಂಟಿನಲ್ಲಿ ತುಂಬ ಗುಳ್ಳೆ, ಹಿಡಿತ ಕಡಿಮೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ, ಇಷ್ಟು ತೇವ ಸ್ವಲ್ಪವೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಒಂಬತ್ತನೇ ದಿನ ಗಾಡಿ ಕೊಟ್ಟೆವು. ಲಲಿತಾ ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು.

ಡೆಹ್ರಾಡೂನ್ ತಲುಪಿದ ಐದನೇ ದಿನ ಮಧ್ಯಾಹ್ನ ಅವರ ಫೋನ್ ಬಂತು. ಅಂಗಳದಲ್ಲಿ ಟ್ರೇಲರ್ ಬಿಸಿಲಿಗೆ ನಿಂತಿತ್ತು. ತಗಡು ಕಾದು, ಒಳಗಿನ ನೀರು ಆವಿಯಾಗಿ, ದಿಂಬಿನ ಪಕ್ಕದಲ್ಲಿ ಗೋಡೆ ಪೂರಿಯ ಹಾಗೆ ಊದಿಕೊಂಡಿತ್ತು. ಅಂಟಿನ ವಾಸನೆಯೂ ಬರುತ್ತಿತ್ತು. ಅನಿರುದ್ಧ ಆ ಉಬ್ಬನ್ನು ಕಿತ್ತುಹಾಕಲು ನೋಡಿ ಉಗುರಿನ ತುದಿಯೆಲ್ಲ ರಕ್ತ ಮಾಡಿಕೊಂಡಿದ್ದ. ಮೂರು ರಾತ್ರಿ ಅವನೂ ಮಲಗಿರಲಿಲ್ಲ, ಅವರೂ ಮಲಗಿರಲಿಲ್ಲ. ಸಂಸ್ಥೆಯವರು ಒಳ್ಳೆಯ ಮಾತಿನಲ್ಲೇ, ಈಗ ಬೇಡ, ಮಳೆಗಾಲ ಕಳೆದ ಮೇಲೆ ಜಾಗ ಇದ್ದರೆ ನೋಡೋಣ ಎಂದಿದ್ದರು.

“ವಾಪಸ್ ಬರ್ತಾ ಇದೀವಿ” ಎಂದಷ್ಟೇ ಹೇಳಿ ಲಲಿತಾ ಅವರು ಫೋನ್ ಇಟ್ಟರು.

ಮಲ್ಹೋತ್ರಾ ಸಾಹೇಬರು ನನ್ನನ್ನು ಕೋಣೆಗೆ ಕರೆದು ಕುಡಿಯಲು ನೀರು ಕೊಟ್ಟರು. “ಬಿಸಿಲಲ್ಲಿ ನಿಲ್ಲಿಸಿದ್ದರಿಂದ ಹೀಗಾಯ್ತು ಅನ್ನಿ. ಅದು ಸುಳ್ಳೇನೂ ಅಲ್ಲ” ಎಂದರು. ನನ್ನನ್ನು ಕಾಪಾಡಲೆಂದೇ ಹೇಳಿದ್ದು. ಆದರೆ ದೆಹಲಿ ಕಡೆಯ ಗೋಡೆ ಬಿಸಿಲಿಗೆ ನಿಲ್ಲದಿದ್ದರೆ ಅದನ್ನು ಗೋಡೆ ಎನ್ನುವುದು ಹೇಗೆ?

ಮಾರನೆಯ ದಿನ ಇಂದಿರಾಪುರಂಗೆ ಹೋದೆ. ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂದೆ, ಕಾವಲುಗಾರನ ಕೋಣೆಯ ಪಕ್ಕ ಟ್ರೇಲರ್ ನಿಂತಿತ್ತು. “ಯಹೀ ಹೈ ಮೇಡಂ, ಪಹಿಯೇ ವಾಲಾ ಘರ್” ಎಂದು ಕಾವಲಿನ ಭಯ್ಯಾ ಆ ಚಕ್ರದ ಮನೆ ತೋರಿಸಿದ. ಶ್ರೀಪತಿ ರಾಯರು ಕೆಳಗಿಳಿದು ಬಂದರು. ಕೂರಿ ಅನ್ನಲಿಲ್ಲ.

“ತಪ್ಪು ನನ್ನದು” ಎಂದೆ. “ಕೆಳಗಿನ ಪಟ್ಟಿ ಒದ್ದೆ ಇದೆ ಅಂತ ನಮ್ಮ ಉಸ್ತಾದರು ಹೇಳಿದ್ರು. ನಾನು ಕೇಳಲಿಲ್ಲ. ದಿನ ಸಾಲದು ಅಂತ ಬೇಗ ಹಿಡಿಯೋ ಅಂಟು ಹಾಕಿಸಿದೆ.”

ಅವರು ಹೇಳಿದರು: “ಆಗೋಲ್ಲ ಅಂತ ಹೇಳಬಹುದಿತ್ತಲ್ಲ ಮೇಡಂ. ಆಗೋಲ್ಲ ಅನ್ನೋ ಮಾತನ್ನ ನಾವು ಇಪ್ಪತ್ತಾರು ವರ್ಷದಿಂದ ಎಲ್ಲರ ಬಾಯಲ್ಲೂ ಕೇಳ್ತಾ ಬಂದಿದೀವಿ. ಇನ್ನೊಂದು ಸಲ ಕೇಳೋದಕ್ಕೆ ನಮಗೇನೂ ಕಷ್ಟ ಆಗ್ತಿರಲಿಲ್ಲ. ಆಗುತ್ತೆ ಅಂದ್ರಲ್ಲ, ಅದನ್ನ ನಂಬಿ ಅಲ್ಲಿವರೆಗೆ ಅವನನ್ನ ಕರಕೊಂಡು ಹೋದೆವು.”

ಈ ವೃತ್ತಿಯಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಮನಸ್ಸಿಗೆ ನಾಟಿದ್ದು ಇನ್ನೊಂದಿಲ್ಲ. ಸ್ಫೂರ್ತಿ, ನೀನು ಬೇರೆಲ್ಲ ಮರೆತರೂ ಇದನ್ನು ನೆನಪಿಟ್ಟುಕೋ. ಕನಿಕರದಿಂದ ಆಗುತ್ತೆ ಎನ್ನುವುದು ಬಹಳ ಸುಲಭ. ಅದರ ಕಷ್ಟ ಬೀಳುವುದು ಬೇರೆಯವರ ಮೇಲೆ.

ಅಷ್ಟರಲ್ಲಿ ಲಲಿತಾ ಅವರ ಜೊತೆ ಅನಿರುದ್ಧ ಬಂದ. ಎತ್ತರದ ಹುಡುಗ, ಬೆರಳುಗಳಿಗೆ ಪಟ್ಟಿ ಸುತ್ತಿತ್ತು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಟ್ರೇಲರಿನೊಳಗೆ ಹೋಗಿ, ಉಬ್ಬಿದ ಜಾಗ ಬಿಟ್ಟು, ಅದಕ್ಕಿಂತ ಒಂದು ಮೊಳ ಕೆಳಗೆ, ಹಾಸಿಗೆಯ ಹಿಂದೆ ಕೈಯಿಟ್ಟ.

“ಇಲ್ಲಿ ಗೀಲಾ” ಎಂದ. ಇಲ್ಲಿ ಒದ್ದೆ ಎಂದು.

ಯಂತ್ರ ಚುಚ್ಚಿದೆ. ಅಂಕಿ ತುದಿಯವರೆಗೆ ಹೋಯಿತು. ಇದರಲ್ಲಿ ಪವಾಡವೇನೂ ಇಲ್ಲ. ಏಳು ವರ್ಷ ಆ ಗೋಡೆಗೆ ಕೈಯಿಟ್ಟು ಮಲಗಿದವನಿಗೆ ಅದರ ಬಿಸಿ ತಂಪು, ಸದ್ದು ನನಗಿಂತ ಚೆನ್ನಾಗಿ ಗೊತ್ತಿತ್ತು. ಕೇಳಬೇಕು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

“ಅವನನ್ನ ವರ್ಕ್‌ಶಾಪಿಗೆ ಕರಕೊಂಡು ಬರೋಕಾಗುತ್ತಾ?” ಎಂದು ಲಲಿತಾ ಅವರನ್ನು ಕೇಳಿದೆ.

“ಸದ್ದು ತುಂಬ ಇರುತ್ತಲ್ಲ?”

“ಊಟದ ಹೊತ್ತಿಗೆ ಬನ್ನಿ. ಆಗ ಮಷೀನೆಲ್ಲ ನಿಲ್ಲಿಸಿರ್ತೀವಿ.”

ಎರಡನೇ ಸಲ ದಿನ ಗೊತ್ತುಮಾಡಲಿಲ್ಲ. ಮಲ್ಹೋತ್ರಾ ಸಾಹೇಬರೂ ಕೇಳಲಿಲ್ಲ. ಉಸ್ತಾದರು ತಗಡಿನ ಅಂಚು ಬಿಚ್ಚಿ ಕೊಳೆತ ಪಟ್ಟಿಗಳನ್ನೆಲ್ಲ ತೆಗೆದರು. ಎಲ್ಲಕ್ಕಿಂತ ಮೊದಲು ಕಿಟಕಿಯ ರಬ್ಬರು ಬದಲಾಯಿಸಿ, ಪೈಪಿನಿಂದ ಅರ್ಧ ಗಂಟೆ ನೀರು ಹಾಯಿಸಿ ನೋಡಿದೆವು. ನೀರು ಬರುವ ದಾರಿ ಮುಚ್ಚದೆ ಗೋಡೆ ಅಂಟಿಸುವುದು ವ್ಯರ್ಥ. ಹೊರಗೆ ಮಳೆಗಾಲ, ಗಾಳಿಯಲ್ಲೇ ತೇವ. ಗಾಡಿಯನ್ನು ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿ, ಸುತ್ತ ಟಾರ್ಪಾಲು ಕಟ್ಟಿ, ತೇವ ಹೀರುವ ಯಂತ್ರ ಇಟ್ಟೆವು. ನಡುವೆ, ಮೂಲೆ, ಅಂಚು, ಎಲ್ಲ ಕಡೆ ಅಂಕಿ ಇಳಿಯಲು ಹದಿನಾರು ದಿನ ಬೇಕಾಯಿತು.

ಅದು ಒಣಗುವವರೆಗೆ ನಾನು ಅಂಟಿನ ಪರೀಕ್ಷೆ ಮಾಡಿದೆ. ಅದೇ ಥರ್ಮೋಕೋಲಿನ ತುಂಡುಗಳನ್ನು ಅದೇ ತಗಡಿಗೆ, ಅದೇ ಪ್ಲೈವುಡ್ಡಿಗೆ ನಾಲ್ಕು ತರಹದ ಅಂಟಿನಲ್ಲಿ ಅಂಟಿಸಿದೆ. ಅರ್ಧದಷ್ಟನ್ನು ಬಿಸಿಲು ಬಿದ್ದಾಗಲೆಲ್ಲ ಶೆಡ್ಡಿನ ತಗಡಿನ ಮಾಡಿನ ಮೇಲಿಡಿಸಿದೆ. ವಾಸನೆ ಎಷ್ಟು ದಿನಕ್ಕೆ ಹೋಗುತ್ತದೆಂದು ನೋಡಲು ಇನ್ನರ್ಧವನ್ನು ಮುಚ್ಚಳ ಹಾಕಿದ ಡಬ್ಬಗಳಲ್ಲಿಟ್ಟೆ. ಒಂದು, ಥರ್ಮೋಕೋಲಿಗೆಂದೇ ಮಾಡಿದ ಸ್ಪ್ರೇ ಅಂಟು. ಬಿಸಿಗೆ ಮೆತ್ತಗಾಗಿ ಜಾರಿತು. ಎರಡನೆಯದು ಪಿಯು. ಒಣಗಿದ ತುಂಡಿನ ಮೇಲೆ ಚೆನ್ನಾಗಿಯೇ ಹಿಡಿದಿತ್ತು, ತಪ್ಪು ಅಂಟಿನದ್ದಾಗಿರಲಿಲ್ಲ. ಮೂರನೆಯದು ಎರಡು ಡಬ್ಬ ಬೆರೆಸುವ, ಬೇಗ ಗಟ್ಟಿಯಾಗುವ ಎಪಾಕ್ಸಿ. ಗಾಜಿನಷ್ಟು ಬಿರುಸು. ಬಿಸಿಗೆ ತಗಡು ಹಿಗ್ಗಿ ರಾತ್ರಿ ಕುಗ್ಗುವಾಗ ಅಂಚಿನಲ್ಲಿ ಸೀಳಿತು. ನಾಲ್ಕನೆಯದೂ ಎಪಾಕ್ಸಿಯೇ, ಆದರೆ ಒಂದು ದಿನ ಪೂರ್ತಿ ತೆಗೆದುಕೊಂಡು ಗಟ್ಟಿಯಾಗುವ, ಗಟ್ಟಿಯಾದ ಮೇಲೂ ತುಸು ಬಾಗುವ ಜಾತಿ.

ಅನಿರುದ್ಧ ಊಟದ ಹೊತ್ತಿಗೆ ಬರತೊಡಗಿದ. ಮೊದಲ ದಿನ ತುಂಡುಗಳಿದ್ದ ನಾಲ್ಕೂ ಡಬ್ಬ ತೆರೆದು ಮೂಸಿ, ನಾಲ್ಕನ್ನೂ ಕೈಯಿಂದ ದೂರ ತಳ್ಳಿದ. ಉಸ್ತಾದರು ಅವನ ಪಕ್ಕ ನೆಲದ ಮೇಲೆ ಕುಳಿತು ತಾವೂ ಒಂದೊಂದೇ ಡಬ್ಬ ಮೂಸಿದರು.

“ಇವನಿಗೆ ಏನು ಬರ್ತಿದೆ ಬೇಟಿ? ನನಗೆ ಏನೂ ಬರ್ತಿಲ್ಲ.”

“ಸ್ವಲ್ಪ ವಾಸನೆ ಇದೆಯಲ್ಲ ಉಸ್ತಾದ್‌ಜೀ.”

“ನನಗೆ ಬರೋದಿಲ್ಲ” ಎಂದರು ಅವರು. “ಎಂಟು ಹತ್ತು ವರ್ಷ ಆಯ್ತು. ಮನೆಯಲ್ಲಿ ಪಲಾವ್ ಮಾಡಿದ್ರೂ ಗೊತ್ತಾಗಲ್ಲ. ಸಲ್ಯೂಷನ್ ಡಬ್ಬದ ಮೇಲೆ ಬಗ್ಗಿ ಬಗ್ಗಿ ಹೋಗಿಬಿಟ್ಟಿದೆ.”

ಅಷ್ಟು ವರ್ಷ ಅವರ ಜೊತೆ ಕೆಲಸ ಮಾಡಿದ್ದೆ. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಯಾವ ಅಂಟು ಎಷ್ಟು ಹಿಡಿಯುತ್ತದೆ ಎಂದು ಬರೆದಿಟ್ಟ ನನ್ನ ನೋಟುಪುಸ್ತಕಗಳಲ್ಲಿ, ಅದನ್ನು ಹಚ್ಚುವವನ ಮೂಗಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಆ ವಾರವೇ ಫಿಲ್ಟರ್ ಇರುವ ಮುಖವಾಡಗಳನ್ನೂ ಗಾಳಿ ಹೊರಹಾಕುವ ಎರಡು ಫ್ಯಾನುಗಳನ್ನೂ ತರಿಸಿದೆ. ಉಸ್ತಾದರಿಗೆ ಅದು ತಡವಾಗಿತ್ತು. ಅವರು ಮಾತ್ರ ಶಾಲೆಯ ಮಗುವಿನ ಹಾಗೆ ಮುಖವಾಡ ಕಟ್ಟಿಕೊಂಡು ನನಗೆ ಸಲಾಂ ಹೊಡೆದರು. ಡಬ್ಬದ ಮೇಲೆ ಓದಬೇಕಾದ್ದು ಹಿಡಿತದ ಅಂಕಿ ಮಾತ್ರವಲ್ಲ ಸ್ಫೂರ್ತಿ, ಹಿಂಬದಿಯ ಸಣ್ಣ ಅಕ್ಷರವನ್ನೂ ಓದು.

ಹನ್ನೊಂದನೆಯ ದಿನ ಅನಿರುದ್ಧ ನಾಲ್ಕನೇ ಡಬ್ಬ ತೆರೆದು ಮೂಸಿದ. ತಳ್ಳಲಿಲ್ಲ. ತುಂಡನ್ನು ತೆಗೆದು ಬೆರಳಿನಿಂದ ತಟ್ಟಿದ, ಕೆನ್ನೆಗೆ ಒತ್ತಿದ. ಆಮೇಲೆ ಮನೆಗೆ ಹೊರಡುವಾಗ ಅದನ್ನು ಜೇಬಿಗಿಳಿಸಿಕೊಂಡ. ಪಿಯುವನ್ನು ಅವನು ಆವತ್ತೂ ತಳ್ಳಿದ್ದ. ನಾನು ಮೂಸಿದರೆ ಎರಡೂ ಒಂದೇ. ಬಿಸಿಲಿನ ಪರೀಕ್ಷೆಯಲ್ಲಿ ನಾಲ್ಕನೆಯದೂ ಪಿಯುವಿನಷ್ಟೇ ಗಟ್ಟಿಯಾಗಿ ನಿಂತಿತ್ತು. ಅಲ್ಲಿಗೆ ಅಂಟು ನಿರ್ಧಾರವಾಯಿತು. ಬರೀ ಆ ಪರೀಕ್ಷೆ ನಂಬಿದ್ದರೆ, ಬೇಗ ಹಿಡಿಯುತ್ತದೆಂದು ನಾನು ಮತ್ತೆ ಪಿಯುವನ್ನೇ ಹಾಕುತ್ತಿದ್ದೆನೋ ಏನೋ.

ಗೋಡೆ ಮುಚ್ಚುವ ದಿನ ಅವನೂ ಇರಲಿ ಎಂದವರು ಲಲಿತಾ. “ಬದಲಾದ ವಸ್ತು ಥಟ್ಟನೆ ಎದುರಿಗೆ ಬಂದ್ರೆ ಅವನಿಗೆ ಭಯ. ಬದಲಾಗೋದನ್ನ ನೋಡ್ತಾ ಇದ್ರೆ ಅಷ್ಟಿಲ್ಲ.” ಹಾಗಾಗಿ ಭಾನುವಾರ, ಬೇರೆ ಕೆಲಸವಿಲ್ಲದ ದಿನ ಇಟ್ಟುಕೊಂಡೆವು. ಎಪಾಕ್ಸಿಯನ್ನು ಒಂದೇ ಸಲ ಜಾಸ್ತಿ ಬೆರೆಸಿದರೆ ಅದರ ಬಿಸಿಗೇ ಥರ್ಮೋಕೋಲ್ ಕುಗ್ಗುತ್ತದೆ. ಸಣ್ಣ ಸಣ್ಣ ಬಟ್ಟಲಲ್ಲಿ ಬೆರೆಸಿ, ತೆಳುವಾಗಿ ಎಳೆದೆವು. ಹೊಸ ಪ್ಲೈವುಡ್ ಕೂರಿಸಿದ ಮೇಲೆ ಉಸ್ತಾದರು ರೋಲರಿನ ಹಿಡಿಕೆಯನ್ನು ಅನಿರುದ್ಧನ ಕಡೆ ಚಾಚಿದರು. ಅವನು ಕಿಟಕಿಯ ಪಕ್ಕದಿಂದ ನೆಲದವರೆಗೆ, ಒಂದು ಇಂಚೂ ಬಿಡದೆ, ಒಂದೇ ವೇಗದಲ್ಲಿ ಉರುಳಿಸಿದ. ಪ್ಲಾಸ್ಟಿಕ್ ಹೊದಿಸಿ ಪಂಪು ಹಚ್ಚಿದೆವು.

ಒಂದೂವರೆ ಗಂಟೆಯಲ್ಲಿ ಕರೆಂಟು ಹೋಯಿತು. ಜನರೇಟರ್ ಹಚ್ಚಿದರೆ ಶುರುವಾಗಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಗಾಳಿ ಮೆಲ್ಲಗೆ ನುಗ್ಗತೊಡಗಿತು. ಉಸ್ತಾದರು ಗಾಡಿಯ ಕೆಳಗಿನಿಂದ ಹಲಗೆಗಳನ್ನೂ ತಿರುಗಿಸಿ ಬಿಗಿ ಮಾಡುವ ಊರುಗೋಲುಗಳನ್ನೂ ಎಳೆದು ತೆಗೆದರು. ಮುಂಚೆಯೇ ಅಳತೆ ಮಾಡಿ ಕತ್ತರಿಸಿಟ್ಟಿದ್ದರು. ಎದುರಿನ ಗೋಡೆಗೆ ಆನಿಸಿ, ಈ ಗೋಡೆಗೆ ಹಲಗೆ ಕೊಟ್ಟು ಒಂದೊಂದೇ ಬಿಗಿ ಮಾಡಿದೆವು. ಶ್ರೀಪತಿ ರಾಯರು ಅಂಗಿಯ ತೋಳು ಮಡಚಿ ಒಳಗೆ ಬಂದು ಹಲಗೆ ಹಿಡಿದು ನಿಂತರು. ಆವತ್ತಿನವರೆಗೆ ಅವರು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಹಲಗೆ ಹಿಡಿದುಕೊಂಡೇ, “ಊಟ ಆಯ್ತೇನಮ್ಮ ನಿಮ್ಮದು?” ಎಂದು ಕೇಳಿದರು.

ಗೋಡೆ ನಿಂತಿತು. ಆದರೆ ಅನಿರುದ್ಧ ಒಪ್ಪಬೇಕಿತ್ತು. ಅದರ ಸದ್ದು ಮೊದಲಿಗಿಂತ ಗಟ್ಟಿಯಾಗಿತ್ತು, ಪ್ಲೈವುಡ್ಡಿನ ಮೇಲೆ ಅಂಟಿಸಿದ ಹಾಳೆಯ ನುಣುಪೂ ಬೇರೆ. ಮರ, ಪ್ಲೈವುಡ್ ಮಾರುವ ಕೀರ್ತಿನಗರದ ಅಂಗಡಿಗಳನ್ನೆಲ್ಲ ಸುತ್ತಿದರೂ ಅದೇ ಹಾಳೆ ಸಿಕ್ಕಿರಲಿಲ್ಲ. ಕಿಟಕಿ ತೆರೆದಿಟ್ಟು ವಾಸನೆ ಹೋಗಿಸುತ್ತ ಗಾಡಿಯನ್ನು ಶೆಡ್ಡಿನಲ್ಲೇ ಇಟ್ಟುಕೊಂಡೆವು. ಅವನು ದಿನಾ ಬಂದು ಹಾಸಿಗೆಯ ಮೇಲೆ ಕೂರುತ್ತಿದ್ದ, ಗೋಡೆಗೆ ಬೆನ್ನು ಮಾಡಿ. ಎಂಟು ದಿನ ಹಾಗೇ. ಒಂಬತ್ತನೆಯ ದಿನ ನಾವು ಹೊರಗೆ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಾಗ ಒಳಗಿನಿಂದ ಮೆಲ್ಲಗೆ ತಟ್ಟುವ ಸದ್ದು ಕೇಳಿತು. ಲಲಿತಾ ಅವರ ಕೈಯಲ್ಲಿದ್ದ ರೊಟ್ಟಿಯ ತುತ್ತು ಹಾಗೇ ನಿಂತಿತು. ಯಾರೂ ಏಳಲಿಲ್ಲ, ಒಳಗೆ ಇಣುಕಲೂ ಇಲ್ಲ. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಗೊರಕೆ ಕೇಳಿಸಿತು.

ಅಕ್ಟೋಬರ್‌ನಲ್ಲಿ ಸಂಸ್ಥೆಯವರು ಮತ್ತೆ ಕರೆದರು. ಹೋದರು. ಈ ಸಲ ನಾನು ದಿನಾ ಫೋನಿನತ್ತ ನೋಡುತ್ತಿದ್ದೆ. ಫೋನ್ ಬರಲಿಲ್ಲ. ಒಂದು ತಿಂಗಳು ಎರಡಾಯಿತು. ಡಿಸೆಂಬರಿನ ಒಂದು ಬೆಳಿಗ್ಗೆ, ಮಂಜು ಕವಿದು ಮೆಟ್ರೋ ಕಿಟಕಿಯಿಂದ ಏನೂ ಕಾಣದಿದ್ದಾಗ, ಲಲಿತಾ ಅವರ ಕರೆ ಬಂತು.

“ಮೇಡಂ, ನಾಲ್ಕು ದಿನದಿಂದ ಅನಿ ಒಳಗೆ ಮಲಗ್ತಾ ಇದಾನೆ. ಕೋಣೆಯಲ್ಲಿ, ಇನ್ನಿಬ್ಬರ ಜೊತೆ. ನಾವು ಹೇಳಲೇ ಇಲ್ಲ. ತಾನೇ ದಿಂಬು ಎತ್ತಿಕೊಂಡು ಹೋದ.”

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಯಾಕೆ ಅಳ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದಾಗಲೇ ಅಳುತ್ತಿದ್ದೇನೆಂದು ಗೊತ್ತಾದದ್ದು.

“ಗಾಡಿ ಖಾಲಿ ನಿಂತಿದೆ” ಎಂದರು ಲಲಿತಾ. “ಏನು ಮಾಡೋದು ಅಂತ.”

“ಬಿಸಿಲು ಬಂದಾಗ ಎರಡೂ ಕಿಟಕಿ ತೆಗೆದಿಡಿ. ಮುಚ್ಚಿಟ್ಟರೆ ತೇವ ಹಿಡಿಯುತ್ತೆ” ಎಂದೆ. ಆಮೇಲೆ ಯಾಕೋ ಬಾಯಿಗೆ ಬಂತು: “ನೀವೂ ರಾಯರೂ ಅದರಲ್ಲಿ ಎಲ್ಲಾದ್ರೂ ಹೋಗಿಬನ್ನಿ.”

“ನಾವಿಬ್ಬರೇನಾ?” ಎಂದರು. ಆಮೇಲೆ ಗಂಡನಿಗೆ ಹೇಳುವುದು ಕೇಳಿಸಿತು. “ರೀ, ನಾವಿಬ್ಬರೇ ಹೋಗಿಬರಬೇಕಂತೆ.”

ಫೆಬ್ರವರಿಯಲ್ಲಿ ಹೋದರು. ನಾನಾಗ ನಿವೃತ್ತಳಾಗಿ ಹದಿನೈದು ದಿನವಾಗಿತ್ತು. ಬೆಳಗಿನ ತಿಂಡಿ ಮುಗಿದು, ಬಾಲ್ಕನಿಯ ಬಿಸಿಲಲ್ಲಿ ಏನು ಮಾಡುವುದೆಂದು ತಿಳಿಯದೆ ಕುಳಿತಿದ್ದಾಗ ಶ್ರೀಪತಿ ರಾಯರ ಫೋನ್ ಬಂತು. ಪಿಸುಗುಡುವ ದನಿ.

“ಮೇಡಂ, ಇಲ್ಲಿ ಗಂಗೆ ದಡದಲ್ಲಿ ಗಾಡಿ ನಿಲ್ಲಿಸಿದೀವಿ. ಹತ್ತು ಗಂಟೆ ಆಯ್ತು. ಇವಳು ಅನಿಯ ಹಾಸಿಗೆಯಲ್ಲಿ ಮಲಗಿದವಳು ಇನ್ನೂ ಎದ್ದಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವಳು ಇಷ್ಟು ಹೊತ್ತು ಮಲಗಿದ್ದು ನಾನು ನೋಡಿಲ್ಲ. ಎಬ್ಬಿಸಲಾ?”

“ಬೇಡ” ಎಂದೆ. “ಮಲಗಲಿ ಬಿಡಿ.”